ನಾಲ್ಕು ದಿನದ ಮರಳುಗಾಳಿ

ನನ್ನ ಗಂಡ ಕಜೆತಾನ್ ಹದಿನೇಳು ವರ್ಷ ದುಬೈಯ ಮರಳುಗಾಡಿನಲ್ಲಿ ಜೀಪು ಓಡಿಸಿದವನು ಎಂದು ಸಿಡ್ನಿಯ ಮಂಗಳೂರಿಗರಿಗೆಲ್ಲ ಗೊತ್ತು. ಓಡಿಸಿಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಅವನು ಇದ್ದದ್ದು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಬೆಳಿಗ್ಗೆ ಕೆಳಗಿಳಿದರೆ ಸಂಜೆ ಮೇಲೆ ಬರುವುದು. ಅಷ್ಟು ವರ್ಷದಲ್ಲಿ ಅವನು ಮರಳು ಕಂಡಿದ್ದರೆ ಅದು ಹೋಟೆಲಿಗೆ ಬಂದವರ ಪ್ಯಾಂಟಿನ ಜೇಬಿನಲ್ಲಿ. ಈ ಸಂಗತಿ ನನಗೆ ತಿಳಿದದ್ದು 1996ರಲ್ಲಿ. ಅವನ ಪಕ್ಕದ ಇಸ್ತ್ರಿ ಮೇಜಿನ ಗೋಪೀನಾಥ ರಜೆಗೆಂದು ಊರಿಗೆ ಬಂದವನು ನಮ್ಮಲ್ಲಿಗೂ ಬಂದು ಚಾ ಕುಡಿಯುತ್ತ, "ನಿಮ್ಮವರ ಹಾಗೆ ಬೆಡ್‌ಶೀಟ್ ಮಡಚುವವರು ಇಡೀ ಹೋಟೆಲಲ್ಲಿ ಇನ್ನೊಬ್ಬರಿಲ್ಲ ಎಮಿ ಅಕ್ಕ" ಎಂದ. ನಾನು ಅವನಿಗೆ ಇನ್ನೊಂದು ಲೋಟ ಚಾ ಕೊಟ್ಟೆ. ಮುಖದಲ್ಲಿ ಏನೂ ತೋರಿಸಲಿಲ್ಲ. ನಾನು ನರ್ಸ್, ಮುಖದಲ್ಲಿ ಏನೂ ತೋರಿಸದಿರುವುದೇ ನನ್ನ ಅರ್ಧ ಕೆಲಸ.

ಗೋಪೀನಾಥ ಹೇಳದಿದ್ದರೂ ನನಗೆ ಅನುಮಾನ ಬರಬೇಕಿತ್ತು. ನಾಲ್ಕು ಮೂಲೆಗೂ ಎಲಾಸ್ಟಿಕ್ ಇರುವ ಫಿಟ್ಟೆಡ್ ಶೀಟ್ ಎಂಬ ಪೀಡೆ ಉಂಟಲ್ಲ, ಅದನ್ನು ಮಡಚಲು ಬರುವ ಮನುಷ್ಯ ಇನ್ನೂ ಹುಟ್ಟಿಲ್ಲ. ನಾವೆಲ್ಲ ಉಂಡೆ ಕಟ್ಟಿ ಕಪಾಟಿಗೆ ತುರುಕುವವರು. ಕಜೆತಾನ್ ಅದನ್ನು ಮೇಜಿನ ಸಹಾಯವಿಲ್ಲದೆ, ನಿಂತಲ್ಲೇ, ಟಿವಿ ನೋಡುತ್ತ, ಪುಸ್ತಕದ ಹಾಗೆ ಚೌಕವಾಗಿ ಮಡಚುತ್ತಾನೆ. ಜೀಪಿನವರಿಗೆ ಈ ವಿದ್ಯೆ ಯಾರು ಕಲಿಸಿದರು ಎಂದು ಅವನ ಎದುರು ಕುಳಿತು ಕತೆ ಕೇಳುವ ಒಬ್ಬರೂ ಕೇಳಲಿಲ್ಲ.

ಲಾಂಡ್ರಿ ನನಗೆ ನಾಚಿಕೆಯ ವಿಷಯವಲ್ಲ. ಕಂಡವರ ಬೆಡ್‌ಪ್ಯಾನ್ ಎತ್ತಿಯೇ ನಾನು ಈ ದೇಶದಲ್ಲಿ ಖಾಯಂ ಉಳಿಯುವ ಪಿಆರ್ ಸಂಪಾದಿಸಿದ್ದು, ಕಜೆತಾನ್ ನನ್ನ ವೀಸಾದ ಹಿಂದೆ ಡಿಪೆಂಡೆಂಟ್ ಆಗಿ ಬಂದವನು. ಮದುವೆಯ ಮಾತುಕತೆಯಲ್ಲಿ ಹುಡುಗನಿಗೆ ಒಂದು ಜೀಪು ಜೋಡಿಸಿದ್ದನ್ನೂ ನಾನು ಮನ್ನಿಸಿದ್ದೆ, ಎಲ್ಲರೂ ಏನಾದರೊಂದು ಜೋಡಿಸುವವರೇ. ನನ್ನ ಸಿಟ್ಟೆಲ್ಲ ಒಂದು ಮರಳುಗಾಳಿಯ ಮೇಲೆ.

ನಮ್ಮ ಮಗಳು ಲೀಶಾ ಹುಟ್ಟಿದ್ದು 1993ರಲ್ಲಿ. ಮಗುವಿಗೆ ಹೆಸರಿಡುವ ಜ್ಞಾನಸ್ನಾನಕ್ಕೆ ಅಪ್ಪ ಬರುವುದೆಂದು ಆಗಿತ್ತು. ಟಿಕೆಟ್ ಆಗಿತ್ತು, ಇಗರ್ಜಿಯ ಪಾದ್ರಿಗೆ ಹೇಳಿ ಆಗಿತ್ತು, ನೂರೈವತ್ತು ಮಂದಿಗೆ ಊಟ. ಮೂರು ದಿನ ಇರುವಾಗ ಪಕ್ಕದ ಮನೆಗೆ ಅವನ ಫೋನ್ ಬಂತು. ಮರಳುಗಾಳಿ ಎದ್ದಿದೆ, ನಾಲ್ಕು ದಿನದಿಂದ ನಡು ಮರಳುಗಾಡಿನಲ್ಲಿ ಜೀಪು ಹೂತುಹೋಗಿದೆ, ಬರಲಿಕ್ಕಾಗುವುದಿಲ್ಲ. ನಡು ಮರಳುಗಾಡಿನಲ್ಲಿ ಫೋನ್ ಎಲ್ಲಿಂದ ಸಿಕ್ಕಿತು ಎಂದು ಯಾರಿಗೂ ಹೊಳೆಯಲಿಲ್ಲ. ನನಗಂತೂ ಹೆರಿಗೆಯಲ್ಲಿ ಹಾಕಿದ ಹೊಟ್ಟೆಯ ಹೊಲಿಗೆ ಇನ್ನೂ ಮಾಯ್ದಿರಲಿಲ್ಲ. ಅವನ ಬದಲು ಬಂದದ್ದು ಒಂದು ಚಪ್ಪಟೆ ಪೆಟ್ಟಿಗೆ. ಯಾರೋ ಮುಂಬಯಿಗೆ ವಿಮಾನದಲ್ಲಿ ಬಂದು, ಅಲ್ಲಿಂದ ಬಸ್ಸಿನಲ್ಲಿ ತಂದು ಕೊಟ್ಟರು. ಒಳಗೆ ಮಗುವಿಗೆ ನೆರಿಗೆ ನೆರಿಗೆಯ ಬಿಳಿ ಫ್ರಾಕು. ಅಂಗಡಿಯವನು ಒಳ್ಳೆ ಪ್ಯಾಕ್ ಮಾಡಿದ್ದಾನೆ ಎಂದುಕೊಂಡೆ. ಇಗರ್ಜಿಯಲ್ಲಿ ಅಪ್ಪನ ಜಾಗದಲ್ಲಿ ಕಜೆತಾನನ ತಮ್ಮ ಓಲ್ವಿನ್ ನಿಂತ. ಎಲ್ಲರೂ ಮರಳುಗಾಡಿನಲ್ಲಿರುವ ಅಪ್ಪನಿಗಾಗಿ ಪ್ರಾರ್ಥಿಸಿದರು. ನಾನು ಎಲ್ಲರಿಗಿಂತ ಜೋರಾಗಿ ಪ್ರಾರ್ಥಿಸಿದೆ. ಆ ಪ್ರಾರ್ಥನೆಯನ್ನು ಇವತ್ತಿಗೂ ವಾಪಸ್ ಕೇಳಬೇಕೆನ್ನಿಸುತ್ತದೆ.

ಹತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಬಿಡಬೇಕಾಗಿ ಬಂದದ್ದು 2005ರ ಕ್ರಿಸ್ಮಸ್ಸಿನಿಂದ. ಆಗ ನಾವು ಮೆಲ್ಬರ್ನಿಗೆ, ಓಲ್ವಿನನ ಪಾಯಿಂಟ್ ಕುಕ್ ಮನೆಗೆ ಹೋಗಿದ್ದೆವು. ಹಿತ್ತಲಿನಲ್ಲಿ ಬಾರ್ಬೆಕ್ಯೂ, ಕೈಯಲ್ಲಿ ಬಿಯರು, ಸುತ್ತ ಹದಿನೈದು ಮಂದಿ. ಕಜೆತಾನ್ ಮರಳುಗಾಳಿಯನ್ನು ಎಬ್ಬಿಸಿದ. ಆ ಸಲ ಗಾಳಿಗೆ ಒಂದು ಒಂಟೆಯೂ ಸೇರಿಕೊಂಡಿತ್ತು. ಅದರ ಮುಖ ನೋಡಿಯೇ ಗಾಳಿ ಯಾವ ಕಡೆಯಿಂದ ಬರುತ್ತದೆಂದು ಇವನು ತಿಳಿದನಂತೆ. "ಎಂತ ಧೈರ್ಯ ಭಾವ ನಿಮ್ಮದು" ಎಂದಳು ಓಲ್ವಿನನ ಹೆಂಡತಿ ಆನ್ಸಿಲ್ಲಾ. ನಾನು ಲೀಶಾಳನ್ನು ನೋಡಿದೆ. ಹನ್ನೆರಡು ವರ್ಷದವಳು, ಅಪ್ಪನ ಒಂದೊಂದು ಸಾಲನ್ನೂ ಅವನಿಗಿಂತ ಮೊದಲು ತುಟಿಯಲ್ಲಿ ಹೇಳುತ್ತಿದ್ದಳು. ಅವಳ ಮಟ್ಟಿಗೆ ಅದು ಒಂಟೆಯ ಕತೆಯಲ್ಲ, ಅಪ್ಪ ತನ್ನನ್ನು ನೋಡಲು ನಾಲ್ಕು ದಿನ ಮರಳಿನ ಜೊತೆ ಹೋರಾಡಿದ ಕತೆ.

ಮರುವರ್ಷ ಸೆಪ್ಟೆಂಬರಿನಲ್ಲಿ ಅವಳು ಅದನ್ನೇ ಶಾಲೆಯಲ್ಲಿ ಭಾಷಣ ಮಾಡಿ ಬಂದಳು. ಟೀಚರ್ ಬಹಳ ಮೆಚ್ಚಿ, ರಜೆ ಮುಗಿದ ಮೇಲಿನ ಗುರುವಾರ ನಿನ್ನ ಅಪ್ಪನನ್ನೇ ಕರೆದುಕೊಂಡು ಬಾ, ಮಕ್ಕಳಿಗೆ ಮರಳುಗಾಡಿನ ಬಗ್ಗೆ ಹೇಳಲಿ ಎಂದರಂತೆ. ಕಜೆತಾನ್ ಒಪ್ಪಿಯೇಬಿಟ್ಟ. ಅರವತ್ತು ಆಸ್ಟ್ರೇಲಿಯನ್ ಮಕ್ಕಳು ಎದುರಿಗೆ ಕುಳಿತು ಜೀಪಿನ ಟಯರಿನ ಗಾಳಿ ಎಷ್ಟಿರಬೇಕು ಎಂದು ಕೇಳಿದರೆ ಇವನೇನು ಹೇಳುತ್ತಾನೆ? ಇವನ ಮಾನ ಹೋದರೆ ಹೋಗಲಿ, ಮಗಳು ನಾಳೆ ಅದೇ ಶಾಲೆಗೆ ಹೋಗಬೇಕು. ಸುಳ್ಳು ಒಡೆಯುವುದಾದರೆ ಮನೆಯವರ ಎದುರು ಮೊದಲು ಒಡೆಯಲಿ ಎಂದು ನಿರ್ಧರಿಸಿದೆ. ಮಗಳಿಗಾಗಿ ಮಾಡಿದೆ ಎಂದು ಎಲ್ಲರಿಗೂ ಹೇಳುತ್ತೇನೆ. ಅರ್ಧ ನಿಜ. ಉಳಿದರ್ಧ ಬರೀ ಸಿಟ್ಟು.

ಶಾಲೆಯ ರಜೆಯಲ್ಲಿ ಓಲ್ವಿನ್ ಕುಟುಂಬ ಕೆಲ್ಲಿವಿಲ್‌ಗೆ, ನಮ್ಮ ಮನೆಗೆ ಬರುವವರಿದ್ದರು. ಅದೇ ವಾರ ಕಜೆತಾನನಿಗೆ ಐವತ್ತು ತುಂಬುತ್ತಿತ್ತು. ಸಿಡ್ನಿಯಿಂದ ಉತ್ತರಕ್ಕೆ ಎರಡೂವರೆ ಗಂಟೆ ಹೋದರೆ ಕಡಲ ಬದಿಯಲ್ಲಿ ದೊಡ್ಡ ಮರಳುದಿಬ್ಬಗಳಿವೆ. ಅಲ್ಲಿ ಅರ್ಧ ದಿನದ ಡೆಸರ್ಟ್ ಸಫಾರಿ. ನಾಲ್ಕು ಚಕ್ರದ ಕ್ವಾಡ್ ಬೈಕು, ಹಲಗೆಯ ಮೇಲೆ ಜಾರುವುದು, ಒಂಟೆ ಸವಾರಿ. ಏಳು ಜನರಿಗೆ ಬುಕ್ ಮಾಡಿದೆ. ಕೇಕಿನ ಮೇಲಿನ ಮೇಣದಬತ್ತಿ ಊದಿದ ಮೇಲೆ ಹೇಳಿದೆ, "ನಿಮಗೆ ಬರ್ತ್‌ಡೇ ಗಿಫ್ಟ್. ನಾಳೆ ಮರಳುಗಾಡಿಗೆ."

ಅವನ ಬಾಯಲ್ಲಿದ್ದ ಕೇಕು ಅಲ್ಲಿಯೇ ನಿಂತಿತು. ಲೀಶಾ ಚಪ್ಪಾಳೆ ತಟ್ಟಿದಳು. "ಅಣ್ಣ, ನಾಳೆ ನೀನು ನಮಗೆಲ್ಲ ತೋರಿಸ್ಬೇಕು ಆಯ್ತಾ" ಎಂದ ಓಲ್ವಿನ್. ಅಂತಹ ಸಂತೋಷ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ.

ದಾರಿಯುದ್ದಕ್ಕೂ ಕಜೆತಾನ್ ನೆಲ ಹದ ಮಾಡುತ್ತ ಬಂದ. ಅರಬ್ಬರ ಮರಳು ದಪ್ಪ, ಇಲ್ಲಿಯದು ನಯ. ಅಲ್ಲಿ ಜೀಪು, ಇಲ್ಲಿ ಬೈಕು. ಸ್ಟೇರಿಂಗ್ ಬೇರೆ ಕಡೆ. "ಬೈಕಿಗೆ ಸ್ಟೇರಿಂಗ್ ನಡುವಿನಲ್ಲೇ ಇರ್ತದಲ್ಲ" ಎಂದೆ. ಅವನು ಕಿಟಕಿಯ ಹೊರಗೆ ನೋಡತೊಡಗಿದ.

ತಲುಪಿ ನೋಡಿದರೆ ಮರಳು ನಿಜವಾಗಿ ಬೆಟ್ಟದಷ್ಟಿತ್ತು, ಆದರೆ ಪಕ್ಕದಲ್ಲೇ ಸಮುದ್ರ. ಬೀಚನ್ನು ಮರಳುಗಾಡು ಎಂದು ಮಾರುವ ಉಪಾಯ ಇವರಿಗೆ ಹೊಳೆಯಿತು, ನಮ್ಮ ಮಂಗಳೂರಿನ ತಣ್ಣೀರುಬಾವಿ ಬೀಚಿನವರಿಗೆ ಹೊಳೆಯಲಿಲ್ಲ. ನಾಲ್ಕು ಒಂಟೆಗಳು ಸಾಲಾಗಿ ಕುಳಿತಿದ್ದವು. ಓಲ್ವಿನನ ಒಂಬತ್ತು ವರ್ಷದ ಮಗ ಜೋಸ್ವಿನ್ ದೊಡ್ಡಪ್ಪನ ಕೈ ಹಿಡಿದು ಎಳೆದು, ಗಾಳಿ ಯಾವ ಕಡೆ ಎಂದು ಒಂಟೆಯ ಮುಖ ನೋಡಿ ಹೇಳಿ ಎಂದ. ಒಂಟೆ ಕಜೆತಾನನ ಕಡೆ ತಿರುಗಿ ಸೀನಿತು. "ಈ ಕಡೆ" ಎಂದು ಅವನು ಮುಖ ಒರೆಸಿಕೊಂಡ.

ಬೈಕ್ ಹತ್ತುವ ಮೊದಲು ಒಂದು ಶೆಡ್ಡಿನಲ್ಲಿ ಎಲ್ಲರಿಗೂ ಒಂದೊಂದು ಫಾರ್ಮ್ ಕೊಟ್ಟರು. ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ಕಾದು ಕುಳಿತಿದ್ದದ್ದು ಅವನ ಬೈಕು ಮರಳಿನಲ್ಲಿ ಹೂತುಹೋಗುವುದಕ್ಕೆ.

ಇಲ್ಲಿ ಕಜೆತಾನನ ಇನ್ನೊಂದು ಗುಣ ಹೇಳಬೇಕು. ಬಾಯಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳುವ ಈ ಮನುಷ್ಯ ಕಾಗದದ ಮೇಲೆ ಒಂದಕ್ಷರ ಸುಳ್ಳು ಬರೆಯುವವನಲ್ಲ. ಆಸ್ಟ್ರೇಲಿಯಾದಲ್ಲಿ ಯಾವ ಫಾರ್ಮ್ ತುಂಬಿದರೂ ಅದು ಕೊನೆಗೆ ಇಮಿಗ್ರೇಷನ್‌ನವರ ಮೇಜಿಗೆ ಹೋಗುತ್ತದೆ, ಒಂದು ತಪ್ಪು ಟಿಕ್ ಹಾಕಿದರೆ ಪಿಆರ್ ಹೋಗುತ್ತದೆ ಎಂದು ಅವನ ನಂಬಿಕೆ. ಮೊದಲ ಸಲ ಏರ್‌ಪೋರ್ಟಿನಲ್ಲಿ ಇಳಿದಾಗ ಒಣಸಿಗಡಿ, ಉಪ್ಪಿನಕಾಯಿ ಎಲ್ಲ ಬರೆದದ್ದು ಸಾಲದೆ, ಮರದ ಮಣಿಯದೆಂದು ಕುತ್ತಿಗೆಯ ಜಪಮಾಲೆಯನ್ನೂ ತೆಗೆದು ಆಫೀಸರನ ಮುಂದೆ ಇಟ್ಟವನು. ಆಗಸ್ಟಿನ ಜನಗಣತಿ ಫಾರ್ಮಿಗೆ ಎರಡು ಭಾನುವಾರ ತೆಗೆದುಕೊಂಡ. ಈಗ ನಮ್ಮ ಸಿಟಿಜನ್‌ಶಿಪ್ ಅರ್ಜಿ ಬೇರೆ ಇಮಿಗ್ರೇಷನ್ ಆಫೀಸಿನಲ್ಲಿತ್ತು.

ಫಾರ್ಮಿನಲ್ಲಿ ಏಳನೆಯ ಪ್ರಶ್ನೆ: ಮರಳಿನ ಮೇಲೆ ವಾಹನ ಓಡಿಸಿದ ಅನುಭವ ಉಂಟೇ? ಹೌದು, ಇಲ್ಲ. ಕೆಳಗೆ, ಮೇಲೆ ಬರೆದದ್ದೆಲ್ಲ ಸತ್ಯ ಎಂದು ಸಹಿ.

ಅವನ ಪೆನ್ನು ಏಳನೆಯ ಪ್ರಶ್ನೆಯ ಹತ್ತಿರ ನಿಂತದ್ದನ್ನು ನಾನು ಓರೆಗಣ್ಣಿನಿಂದ ನೋಡಿದೆ. ಒಮ್ಮೆ ಓಲ್ವಿನನ ಕಡೆ ನೋಡಿದ, ಒಮ್ಮೆ ಮಗಳ ಕಡೆ. ಕೊನೆಗೆ ಸಣ್ಣದಾಗಿ ಒಂದು ಟಿಕ್ ಹಾಕಿ, ಫಾರ್ಮನ್ನು ಕವುಚಿ ಕೊಟ್ಟ.

ಗೈಡ್ ಹುಡುಗಿ ಫಾರ್ಮುಗಳನ್ನು ಎರಡು ಗುಂಪು ಮಾಡಿ ಜೋರಾಗಿ ಓದಿದಳು. ಅನುಭವ ಇರುವವರು ದೊಡ್ಡ ದಿಬ್ಬಕ್ಕೆ, ಇಲ್ಲದವರು ಮಕ್ಕಳ ಜೊತೆ ಹಳದಿ ಬಾವುಟದ ಸಾಲಿಗೆ. ಓಲ್ವಿನ್ ಮತ್ತು ಆನ್ಸಿಲ್ಲಾ ದೊಡ್ಡ ದಿಬ್ಬಕ್ಕೆ. ಅವರು ಒಮ್ಮೆ ಕ್ವೀನ್ಸ್‌ಲ್ಯಾಂಡಿನಲ್ಲಿ ಹತ್ತು ನಿಮಿಷ ಓಡಿಸಿದ್ದರಂತೆ. ಕಜೆತಾನ್ ಹಳದಿ ಬಾವುಟಕ್ಕೆ.

"ಅಣ್ಣ, ನೀನು ತಪ್ಪು ಬಾಕ್ಸಿಗೆ ಟಿಕ್ ಹಾಕಿದ್ದಿ ಮಾರಾಯ" ಎಂದು ಓಲ್ವಿನ್ ನಕ್ಕ. ಗೈಡ್ ಕಡೆ ತಿರುಗಿ, ಇವರು ಹದಿನೇಳು ವರ್ಷ ದುಬೈ ಮರಳುಗಾಡಿನಲ್ಲಿ ಜೀಪು ಓಡಿಸಿದವರು ಎಂದು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದ. ಹುಡುಗಿಯ ಕಣ್ಣರಳಿತು. ಹಾಗಾದರೆ ನೀವು ಎಲ್ಲರಿಗಿಂತ ಮುಂದೆ ಹೋಗಿ, ಟಿಕ್ ತಿದ್ದಿ ಪಕ್ಕದಲ್ಲಿ ಒಂದು ಸಹಿ ಹಾಕಿದರೆ ಆಯಿತು ಎಂದು ಫಾರ್ಮ್ ವಾಪಸ್ ಕೊಟ್ಟಳು.

ಕಜೆತಾನ್ ಪೆನ್ನು ಹಿಡಿದು ನನ್ನ ಕಡೆ ನೋಡಿದ. ಹತ್ತು ವರ್ಷದಿಂದ ನಾನು ಕಾದಿದ್ದ ಘಳಿಗೆ ಅದೇ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಆ ಮುಖ ನೋಡಿದ್ದೇ ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು. "ಇವರಿಗೆ ಬೆನ್ನುನೋವು ಉಂಟು, ಡಾಕ್ಟರ್ ಜೋರಾಗಿ ಓಡಿಸಬಾರದು ಅಂದಿದ್ದಾರೆ. ನಾನು ನರ್ಸ್" ಎಂದುಬಿಟ್ಟೆ ಗೈಡ್‌ಗೆ. ಯಾಕೆ ಹೇಳಿದೆ ಎಂದು ನನಗೇ ಗೊತ್ತಿಲ್ಲ. ನನ್ನ ಮೇಲೆ ನನಗೇ ಕೋಪ ಬಂತು.

ಹುಡುಗಿಯ ನಗು ಹೋಯಿತು. ಬೆನ್ನುನೋವಿದ್ದರೆ ಹನ್ನೊಂದನೆಯ ಪ್ರಶ್ನೆಯಲ್ಲಿ ಬರೆಯಬೇಕಿತ್ತು, ಅದಕ್ಕೆ ಬೇರೆ ಮೆಡಿಕಲ್ ಡಿಕ್ಲರೇಷನ್ ಉಂಟು ಎಂದು ಇನ್ನೊಂದು ಫಾರ್ಮ್ ತಂದು ಅವನ ಮುಂದೆ ಇಟ್ಟಳು. ಇದರ ಮೇಲ್ಗಡೆ ದಪ್ಪ ಅಕ್ಷರದಲ್ಲಿ, ಸುಳ್ಳು ಮಾಹಿತಿ ಕೊಡುವುದು ಅಪರಾಧ ಎಂದಿತ್ತು.

ಈಗ ಅವನ ಎಡಗಡೆ ಒಂದು ಸುಳ್ಳು ಸಹಿ, ಬಲಗಡೆ ಇನ್ನೊಂದು. ಕಜೆತಾನ್ ಎರಡು ಕಾಗದವನ್ನೂ ನೋಡಿದ. ಪೆನ್ನು ಕೆಳಗಿಟ್ಟ. ಇಗರ್ಜಿಯಲ್ಲಿ ಪಾಪನಿವೇದನೆಗೆ ನಿಂತವನ ಹಾಗೆ ಕೈಕಟ್ಟಿ, ಇಂಗ್ಲಿಷಿನಲ್ಲಿ, ಗೈಡ್ ಹುಡುಗಿಗೆ ಹೇಳಿದ: ಮೇಡಂ, ನನ್ನ ಬೆನ್ನು ಸರಿ ಇದೆ. ನಾನು ಯಾವತ್ತೂ ಮರಳುಗಾಡಿಗೆ ಹೋಗಿಲ್ಲ. ಹದಿನೇಳು ವರ್ಷ ಹೋಟೆಲಿನ ಲಾಂಡ್ರಿಯಲ್ಲಿದ್ದೆ. ದಯವಿಟ್ಟು ಮೊದಲಿನ ಫಾರ್ಮನ್ನೇ ಇಟ್ಟುಕೊಳ್ಳಿ.

"ನೋ ವರೀಸ್" ಎಂದಳು ಹುಡುಗಿ. ಅವಳಿಗೇನು ಹೋಗುವುದು? ಅವನಿಗೊಂದು ಹಳದಿ ಹೆಲ್ಮೆಟ್ ಕೊಟ್ಟಳು.

ಓಲ್ವಿನ್ ಅಣ್ಣನನ್ನು ನೋಡುತ್ತಿದ್ದ, ಆನ್ಸಿಲ್ಲಾ ನನ್ನನ್ನು. ಜೋಸ್ವಿನ್ ಮಾತ್ರ, "ಹಾಗಾದ್ರೆ ಒಂಟೆ?" ಎಂದು ಕೇಳಿದ. ಲೀಶಾ ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಳ್ಳುತ್ತ, "ಸೋ ದೇರ್ ವಾಸ್ ನೋ ಸ್ಯಾಂಡ್‌ಸ್ಟಾರ್ಮ್" ಎಂದಳು. ಪ್ರಶ್ನೆಯ ಹಾಗಿರಲಿಲ್ಲ ಅದು. ಅಪ್ಪನ ಉತ್ತರಕ್ಕೂ ಕಾಯದೆ ಹೋಗಿ ತನ್ನ ಬೈಕಿನ ಮೇಲೆ ಕುಳಿತಳು. ಇದನ್ನು ಏಳು ಜನರಿಗೆ ಬುಕ್ ಮಾಡಿದವಳು ನಾನು.

ಹಳದಿ ಬಾವುಟದ ಸಾಲು ಹೊರಟಿತು. ಎಲ್ಲಕ್ಕಿಂತ ಮುಂದೆ ಗೈಡ್, ಹಿಂದೆ ಜೋಸ್ವಿನ್ ಮತ್ತು ಅವನ ತಂಗಿ, ಆಮೇಲೆ ಲೀಶಾ, ಆಮೇಲೆ ಐವತ್ತು ವರ್ಷದ ಕಜೆತಾನ್, ಕೊನೆಗೆ ನಾನು. ಎಮ್ಮೆ ನಡೆಯುವ ವೇಗ. ಅಷ್ಟರಲ್ಲೂ ಅವನು ಎರಡು ಸಲ ಹೂತುಹೋದ. ಎರಡು ಸಲವೂ ಜೋಸ್ವಿನ್ ಇಳಿದು ಬಂದು, ಗೇರ್ ಹೇಗೆ ಹಾಕಬೇಕೆಂದು ದೊಡ್ಡಪ್ಪನಿಗೆ ತೋರಿಸಿಕೊಟ್ಟ. ಇದನ್ನು ನೋಡಿ ನಗಬೇಕೆಂದೇ ನಾನು ಬಂದಿದ್ದೆ. ನಗು ಬರಲಿಲ್ಲ.

ಅರ್ಧ ದಾರಿಯಲ್ಲಿ ಬೈಕು ನಿಲ್ಲಿಸಿ, ಹಲಗೆಯ ಮೇಲೆ ಜಾರಲು ಒಂದು ದಿಬ್ಬ ಹತ್ತಿಸಿದರು. ಚಿಕ್ಕ ಮಕ್ಕಳು ಜಾರಿ ಕೆಳಗೆ ಹೋದರು. ಮೇಲೆ ನಾವು ಮೂವರೇ ಉಳಿದೆವು. ಲೀಶಾ ಹಲಗೆ ಹಿಡಿದು ಸಮುದ್ರ ನೋಡುತ್ತಿದ್ದಳು. ಜನರೆದುರು ನಾನು ಗಂಡನಿಗೆ ನೀವು ಎನ್ನುತ್ತೇನೆ, ಮನೆಯವರಷ್ಟೇ ಇದ್ದಾಗ ನೀನು.

"ನಂಗೆ ಗೊತ್ತಿತ್ತು" ಎಂದೆ. "ಗೋಪೀನಾಥ ಹೇಳಿದ್ದ. ತೊಂಬತ್ತಾರರಲ್ಲಿ."

ಕಜೆತಾನ್ ಮರಳಿನ ಮೇಲೆ ಕುಳಿತುಬಿಟ್ಟ. "ಹತ್ತು ವರ್ಷದಿಂದ ಗೊತ್ತಿದ್ದೂ ಕೇಳ್ತಾ ಕೂತಿದ್ಯಾ?"

"ಲಾಂಡ್ರಿ ಬಿಡು. ಆ ನಾಲ್ಕು ದಿನ ನಿಜವಾಗಿ ಎಂತ ಆಯ್ತು? ಅದನ್ನು ಹೇಳು. ಅವಳಿಗೆ ಕೇಳುವ ಹಾಗೆ ಹೇಳು."

ಅವನು ಮರಳನ್ನು ಬೆರಳಿನಿಂದ ಕೆದಕಿದ. "ಯಾರದೋ ದೊಡ್ಡ ಮದುವೆ ಬಂತು. ಇಡೀ ಹೋಟೆಲ್ ಫುಲ್. ದಿನಕ್ಕೆ ಎರಡು ಸಾವಿರ ಶೀಟ್. ಮ್ಯಾನೇಜರ್ ಎಲ್ಲರ ರಜೆ ಕ್ಯಾನ್ಸಲ್ ಮಾಡಿದ. ಪಾಸ್‌ಪೋರ್ಟ್ ಅವನ ಕಪಾಟಲ್ಲಿ. ಮಗಳ ಜ್ಞಾನಸ್ನಾನ ಅಂತ ಹೇಳಿ ಅವನ ಕಾಲು ಹಿಡಿದೆ ಎಮಿ. ಸುಮ್ಮನೆ ಮಾತಿಗೆ ಹೇಳುವುದಲ್ಲ, ನಿಜವಾಗಿ ಬಗ್ಗಿ ಹಿಡಿದೆ. ಅವ ಶೂಸ್ ಒರೆಸ್ಲಿಕ್ಕೆ ಬಂದದ್ದಾ ಅಂತ ಕೇಳಿ ನಗಾಡಿದ."

"ಹಾಗೇ ಹೇಳ್ಬಹುದಿತ್ತಲ್ಲ ನಂಗೆ."

"ಮರಳುಗಾಳಿಗೆ ಸೋತೆ ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಬೆಡ್‌ಶೀಟಿಗೆ ಸೋತೆ ಅಂತ ಹೆಂಡತಿಗೆ ಹೇಗೆ ಹೇಳುವುದು? ಆಗಷ್ಟೇ ಅಪ್ಪ ಆದವ ನಾನು."

ಲೀಶಾ ತಿರುಗಲಿಲ್ಲ. ಜ್ಞಾನಸ್ನಾನದ ಫೋಟೋಗಳಲ್ಲೆಲ್ಲ ಓಲ್ವಿನ್ ಅಂಕಲ್ಲೇ ಇರುವುದು, ನಿನ್ನದು ಒಂದೂ ಇಲ್ಲ, ಮರಳುಗಾಳಿ ಇದ್ದದ್ದರಿಂದ ನನಗೆ ಅದು ಪರವಾಗಿರಲಿಲ್ಲ ಎಂದಳು ಇಂಗ್ಲಿಷಿನಲ್ಲಿ.

"ಫ್ರಾಕ್ ಉಂಟಲ್ಲ ಮಗಾ" ಎಂದ ಕಜೆತಾನ್. "ಫೋಟೋದಲ್ಲಿ ಫ್ರಾಕ್ ಉಂಟಲ್ಲ. ಅದಕ್ಕೆ ಇಸ್ತ್ರಿ ಹಾಕಿದ್ದು ನಾನೇ. ರಜೆ ಇಲ್ಲ ಅಂದ ದಿನ ಡ್ಯೂಟಿ ಮುಗಿಸಿ, ಎಲ್ಲ ಹೋದ ಮೇಲೆ, ಒಬ್ಬನೇ ನಿಂತು ಹಾಕಿದೆ. ನಲವತ್ತೆರಡು ನೆರಿಗೆ. ಒಂದೊಂದು ನೆರಿಗೆಗೂ ಮೇರಿಮಾತೆಗೆ ಒಂದೊಂದು ನಮಾನ್ ಮೊರಿಯೆ ಜಪ ಹೇಳಿದೆ. ಬೇರೆ ಎಂತ ಕೊಡ್ಲಿಕ್ಕೆ ಇತ್ತು ನಂಗೆ?"

ನನಗೆ ಅಳು ಬಂತು. ಕಣ್ಣಿಗೆ ಮರಳು ಹೋಯಿತು ಎಂದು ಹೇಳುವವಳಲ್ಲ ನಾನು, ಅತ್ತೆ. ಅವನ ಬಗ್ಗೆ ಎಲ್ಲ ಗೊತ್ತು ಎಂದು ಹತ್ತು ವರ್ಷ ಬೀಗಿದವಳು ನಾನು, ಆ ಪೆಟ್ಟಿಗೆ ಬಿಚ್ಚಿ ಅಂಗಡಿಯವನನ್ನು ಹೊಗಳಿದವಳೂ ನಾನೇ.

ಲೀಶಾ ಬಂದು ಅಪ್ಪನ ಮುಂದೆ ನಿಂತಳು. ಇನ್ನೂ ಸಿಟ್ಟಿನಲ್ಲೇ ಇದ್ದಳು, ಆ ಸಿಟ್ಟು ಸೀದಾ ನನ್ನಿಂದ ಬಂದದ್ದು. ಗುರುವಾರ ನೀನು ಶಾಲೆಗೆ ಬಂದೇ ಬರಬೇಕು, ಫಿಟ್ಟೆಡ್ ಶೀಟ್ ತಂದು ಮಡಚಿ ತೋರಿಸಬೇಕು, ಅದನ್ನು ನಮ್ಮ ಟೀಚರಿಗೂ ಮಾಡಲು ಬರುವುದಿಲ್ಲ, ಪಂತ ಕಟ್ಟುತ್ತೇನೆ ಎಂದಳು. ಆಮೇಲೆ ಹಲಗೆಯನ್ನು ಅವನ ಕೆಳಗೆ ತಳ್ಳಿ, "ಗೋ ಆನ್ ಡ್ಯಾಡ್. ಇಟ್ಸ್ ಓನ್ಲಿ ಸ್ಯಾಂಡ್" ಎಂದು ಬೆನ್ನಿಗೊಂದು ನೂಕು ಕೊಟ್ಟಳು. ಅವನು ಗೊತ್ತಿದ್ದ ಸಂತರ ಹೆಸರನ್ನೆಲ್ಲ ಕೂಗುತ್ತ ಹೋದ. ಅರ್ಧಕ್ಕೆ ಹಲಗೆ ಒಂದು ಕಡೆ, ಇವನೊಂದು ಕಡೆ. ಕೆಳಗೆ ತಲುಪಿದಾಗ ಬಾಯಿ, ಮೂಗು, ಜೇಬು ಎಲ್ಲ ಮರಳು. ಹದಿನೇಳು ವರ್ಷದ ಬಾಕಿಯನ್ನು ಒಂದೇ ಸಲ ತುಂಬಿಸಿಕೊಂಡಿದ್ದ.

ಮಧ್ಯಾಹ್ನ ಒಂದು ಬೆಡ್‌ಶೀಟ್ ಹಾಸಿ, ಮನೆಯಿಂದ ತಂದ ಇಡ್ಲಿಯಂಥ ಸಾನ್ನಾ ಮತ್ತು ಕೋಳಿ ಬಿಚ್ಚಿದೆವು. ಓಲ್ವಿನ್ ದೊಡ್ಡ ದಿಬ್ಬದಿಂದ ಬಂದ. ಮೊದಲ ತಟ್ಟೆ ತಾನೇ ಬಡಿಸಿ ಅಣ್ಣನ ಕೈಗೆ ಕೊಟ್ಟು, ಪಕ್ಕದಲ್ಲೇ ಕುಳಿತ. ಊಟವಾದ ಮೇಲೆ ಶೀಟಿನ ಒಂದು ತುದಿಯನ್ನು ನಾನು ಹಿಡಿದೆ, ಇನ್ನೊಂದನ್ನು ಕಜೆತಾನ್. "ಮೂಲೆ ಸಡಿಲ ಬಿಡ್ಬೇಡ, ಬಿಗಿ ಹಿಡಿ" ಎಂದು ನನಗೆ ಎಲ್ಲರೆದುರು ಗದರಿದ. ಹಾಗೆ ಗದರುವುದನ್ನು ನಾನು ಮೊದಲ ಸಲ ಕೇಳಿದ್ದು. ಬಿಗಿ ಹಿಡಿದೆ.

ಸಂಜೆ ಕೆಲ್ಲಿವಿಲ್ ಮನೆಗೆ ಬಂದವಳೇ ನೆರಿಗೆ ಎಣಿಸಿಯೇ ಬಿಡುತ್ತೇನೆ ಎಂದು ಹೇಳಿ, ಮೇಲಿನ ಕೋಣೆಗೆ ಹೋಗಿ ಟ್ರಂಕು ತೆಗೆದೆ. ಫ್ರಾಕು ಟಿಶ್ಯೂ ಕಾಗದದಲ್ಲಿ ಹಾಗೆಯೇ ಇತ್ತು. ಒಂದೇ ದಿನ ಹಾಕಿದ್ದು. ಹದಿಮೂರು ವರ್ಷ, ಎರಡು ದೇಶ, ನೆರಿಗೆಯ ಅಂಚು ಇನ್ನೂ ಬೆರಳಿಗೆ ತಾಗುತ್ತಿತ್ತು. ಮಂಚದ ಮೇಲೆ ಹರಡಿ ಒಂದೊಂದಾಗಿ ಎಣಿಸಿದೆ. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದೆ.

ಇಪ್ಪತ್ತಾರು.

ಕೆಳಗಿನಿಂದ ಲೀಶಾ ಕೂಗಿದಳು, ಮಮ್ಮಿ, ಎಣಿಸಿದೆಯಾ, ಎಷ್ಟು? ಅವಳ ಹಿಂದೆ ಕಜೆತಾನನ ಸದ್ದೇ ಇರಲಿಲ್ಲ.

"ನಲವತ್ತೆರಡು" ಎಂದು ಕೂಗಿ, ಫ್ರಾಕನ್ನು ಮೊದಲಿನ ಹಾಗೆಯೇ ಮಡಚಿಟ್ಟೆ.